ಬೆರಳು ನೋಡಬೇಡ ಎಂದವರು

೨೦೦೫ರಲ್ಲಿ, ಒಂಬತ್ತನೆಯ ಇಯತ್ತೆಯ ನಡುವೆ, ನಾನು ಓದು ನಿಲ್ಲಿಸಿದೆ. ಇದನ್ನು ಮೊದಲಿಗೇ ಬರೆದುಬಿಡುತ್ತೇನೆ, ಯಾಕೆಂದರೆ ಹದಿನೇಳು ವರ್ಷ ಇದನ್ನು ಯಾರಿಗೂ ಹೇಳದೆ ದುಡಿದವನು ನಾನು. ಕೇಳದೆಯೇ ತಿಳಿದುಕೊಂಡವರು ಒಬ್ಬರೇ. ಅವರ ಎರಡೂ ಕಿರುಬೆರಳುಗಳ ತುದಿಗಳು ಚಪ್ಪಟೆಯಾಗಿ ಹೊರಕ್ಕೆ ಬಾಗಿದ್ದವು. ನಲವತ್ತು ವರ್ಷ ಟೈಪ್‌ರೈಟರಿನ ಅಂಚಿನ ಕೀಲಿಗಳನ್ನು ಒತ್ತಿ ಒತ್ತಿ ಹಾಗಾಗಿದ್ದವು. ಸುಮ್ಮನೆ ಕುಳಿತು ಮಾತಾಡುವಾಗಲೂ ಆ ಬೆರಳುಗಳು ಮೇಜಿನ ಮೇಲೆ ಸಣ್ಣಗೆ ಓಡಾಡುತ್ತಿದ್ದವು. ಎದುರಿನವರು ಹೇಳಿದ್ದನ್ನೆಲ್ಲ ಅವರು ಅಲ್ಲೇ ಟೈಪು ಮಾಡಿಕೊಳ್ಳುತ್ತಿದ್ದರು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ನಾನು ಹೇಳಿದ ಸುಳ್ಳನ್ನೂ ಹಾಗೇ ಟೈಪು ಮಾಡಿಕೊಂಡಿರಬೇಕು.

ಮಿರಜದ ಮಾರ್ಕೆಟ್ಟಿನ ಹಿಂದೆ, ಸಿತಾರ ಮಾಡುವವರ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅವರ ಟೈಪಿಂಗ್ ಮತ್ತು ಶಾರ್ಟ್‌ಹ್ಯಾಂಡ್ ಕ್ಲಾಸು. ಮೆಟ್ಟಿಲ ಬುಡದಲ್ಲಿ ಒಣಗಿದ ಕುಂಬಳದ ಬುರುಡೆಗಳ ರಾಶಿ. ಹತ್ತುವಾಗ ಮೂಗಿಗೆ ಅರಗಿನ ವಾಸನೆ. ಊರಿಗೆಲ್ಲ ಅವರು ಟೈಪಿಂಗ್ ಬಾಯಿ. ನಮ್ಮ ಕಡೆ ಕಲಿಸುವ ಹೆಂಗಸರನ್ನು ಬಾಯಿ ಎಂದೇ ಕರೆಯುವುದು. ಸಾಂಗಲಿಯ ಪೇಟೆಯಲ್ಲಿ ಅರಿಸಿನದ ವ್ಯಾಪಾರ ಮಾಡುವ ಕನ್ನಡದ ಮನೆತನದ ಮಗಳು. ಕ್ಲಾಸಿನಲ್ಲಿ ಮರಾಠಿ, ಇಂಗ್ಲಿಷು. ಸಿಟ್ಟು ಬಂದಾಗ ಮತ್ತು ಅಂತಃಕರಣ ಬಂದಾಗ ಮಾತ್ರ ಕನ್ನಡ. ಕಲಿಯಲು ಬಂದವರಿಗೆ ಅವರ ಮೊದಲ ಮಾತೂ ಕೊನೆಯ ಮಾತೂ ಒಂದೇ, ಉಳಿದವರಿಗೆ ಮರಾಠಿಯಲ್ಲಿ, ನನಗೆ ಕನ್ನಡದಲ್ಲಿ: "ಬೆರಳ ನೋಡಬ್ಯಾಡ. ಬರದದ್ದ ನೋಡ." ಆದರೂ ಕಣ್ಣು ಕೀಲಿಗಳ ಮೇಲೆ ಹೋದರೆ, ಕೈಗಳ ಮೇಲೆ ತಮ್ಮ ಕರವಸ್ತ್ರ ಹಾಸಿ ಮುಚ್ಚಿಬಿಡುತ್ತಿದ್ದರು.

ನಾನಾದರೋ ಬೆರಳು ನೋಡಿಯೇ ಎಲ್ಲ ಕಲಿತವನು. ನಮ್ಮೂರು ಸಲಗರೆಯಲ್ಲಿ ಏಳನೆಯವರೆಗೆ ಕನ್ನಡ ಶಾಲೆ, ಮುಂದೆ ಒಂದೂವರೆ ವರ್ಷ ಮರಾಠಿ. ಇಂಗ್ಲಿಷಿನ ಅಕ್ಷರ ಗೊತ್ತಿದ್ದವು, ಕೂಡಿಸಿ ಓದಲು ಬರುತ್ತಿರಲಿಲ್ಲ. ಮಾಧವನಗರದಲ್ಲಿ ಮಗ್ಗದ ಕೆಲಸ ಕಲಿತದ್ದು ಪಕ್ಕದವನ ಬೆರಳು ನೋಡಿ. ಸಾಂಗಲಿಯ ಮೊಬೈಲ್ ಅಂಗಡಿಯಲ್ಲಿ ಬೆಸುಗೆ ಹಾಕಲು ಕಲಿತದ್ದು ಮಾಲಕನ ಬೆರಳು ನೋಡಿ. ಮಿರಜದ ಸ್ಟೇಶನ್ ರಸ್ತೆಯಲ್ಲಿ ಸ್ವಂತ ಅಂಗಡಿ ಹಾಕಿದ ಮೇಲೆ ವಿಡಿಯೋಗಳೇ ಗುರು. ವಿಡಿಯೋದವನು ಯಾವ ಗುಂಡಿ ಒತ್ತುತ್ತಾನೋ ನಾನೂ ಅದನ್ನೇ ಒತ್ತುತ್ತಿದ್ದೆ. ಪರದೆಯ ಮೇಲೆ ಏನು ಬರೆದಿದೆ ಎಂದು ಅವನೂ ಓದಿ ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಗಿರಾಕಿಗಳು ನನ್ನ ಕೈಗುಣ ಹೊಗಳುತ್ತಿದ್ದರು. ಹೊಗಳಿಸಿಕೊಳ್ಳುವುದು ನನಗೆ ಸೇರುತ್ತಿತ್ತು.

ಕರೋನಾ ಮುಗಿದ ಮೇಲಿನ ಒಂದು ಬೇಸಿಗೆಯಲ್ಲಿ ಬಾಯಿಯವರು ರಿಕ್ಷಾದಿಂದ ನನ್ನ ಅಂಗಡಿಯ ಮುಂದೆ ಇಳಿದರು. ಕೈಯಲ್ಲಿ ಎರಡು ದೊಡ್ಡ ಗಂಟು; ಟೈಪ್‌ರೈಟರಿಗೆ ಹೊದಿಸುವ ಕಪ್ಪು ಗವಸುಗಳಲ್ಲಿ ಏನನ್ನೋ ಸುತ್ತಿ ತಂದಿದ್ದರು. ಒಳಗೆ ಬರುವ ಮೊದಲು ನನ್ನ ಬೋರ್ಡನ್ನು ಪೂರಾ ಓದಿದರು.

"ಬೋರ್ಡಾತ ದೋನ ಚುಕಾ ಆಹೇತ," ಎಂದರು. ಬೋರ್ಡಿನಲ್ಲಿ ಎರಡು ತಪ್ಪಿವೆ ಎಂದು.

ನಾನೂ ಮರಾಠಿಯಲ್ಲೇ, ಬೋರ್ಡು ಓದಿ ಯಾರೂ ಬರುವುದಿಲ್ಲ, ಕೈ ನೋಡಿ ಬರುತ್ತಾರೆ ಎಂದೆ.

ಅವರಿಗೆ ನಗು ಬಂತು. "ಸಲಗರಿ ಕಡಿಯಾವೇನ ನೀ? ನಿನ್ನ ಮರಾಠಿ ಒಳಗ ಕನ್ನಡ ಎದ್ದ ಕುಂತೈತಿ."

ಗಂಟು ಬಿಚ್ಚಿದರು. ಹನ್ನೆರಡು ಟ್ಯಾಬ್ಲೆಟ್. ಸರಕಾರದ ಟೈಪಿಂಗ್ ಪರೀಕ್ಷೆ ಕಂಪ್ಯೂಟರಿಗೆ ಹೋದ ಮೇಲೆ ಅವರು ಹಳೆಯ ಮಶೀನುಗಳನ್ನು ಗೋಡೆಗೆ ಸರಿಸಿ, ಪಾಠ ಹೇಳುವ ಒಂದು ಕಂಪನಿಯಿಂದ ಇವನ್ನು ಕೊಂಡಿದ್ದರು. ಇವುಗಳಲ್ಲಿ ಆ ಕಂಪನಿಯ ಆಪ್ ಒಂದೇ ತೆರೆಯುತ್ತಿತ್ತು. ಬೇರೆ ಯಾವುದೂ ತೆರೆಯದಂತೆ ಬೀಗ. ಎರಡು ವರ್ಷದಲ್ಲಿ ಕಂಪನಿ ಮುಚ್ಚಿತು. ಅಂದಿನಿಂದ ಹನ್ನೆರಡೂ ಪರದೆಗಳ ಮೇಲೆ ಕಂಪನಿಯ ಹಸಿರು ಚಿತ್ರ, ಅದರ ಕೆಳಗೆ ಪರವಾನಗಿ ಕೇಳುವ ಒಂದು ಸಾಲು. ಪರವಾನಗಿ ಕೊಡುವವರು ಎಲ್ಲೂ ಇಲ್ಲ. ಮಾಲು ಸ್ವಂತದ್ದು, ಬಿಲ್ಲೂ ಇದೆ, ಆದರೆ ಒಳಗೆ ಹೋಗುವ ಹಾಗಿಲ್ಲ.

ಅದಕ್ಕೆ ಒಂದು ದಾರಿ ಇತ್ತು. ಕಂಪನಿಯ ಸಿಸ್ಟಮ್ ತೆಗೆದು, ಯಾರ ಬೀಗವೂ ಇಲ್ಲದ ಬೇರೆ ಸಿಸ್ಟಮ್ ಹಾಕುವುದು. ಎಲ್ಲೆಲ್ಲಿಯ ಜನವೋ ಸೇರಿ ಬರೆದು ಪುಕ್ಕಟೆ ಕೊಡುವ ಅಂಥ ಸಿಸ್ಟಮ್‌ಗಳಿವೆ. ನಾನು ಅದನ್ನು ವಿಡಿಯೋದಲ್ಲಿ ನೋಡಿದ್ದೆ, ಕೈಯಾರೆ ಮಾಡಿರಲಿಲ್ಲ.

"ಅಂಥಾವು ಭಾಳ ಮಾಡೇನ್ರಿ," ಎಂದೆ. ಅದು ಮೊದಲನೆಯ ಸುಳ್ಳು.

ಬಾಯಿಯವರು ಹನ್ನೆರಡರಲ್ಲಿ ಒಂದನ್ನು ಬೇರೆ ಇಟ್ಟರು. ಅದರ ಮೂಲೆಗೆ ಬಿಳಿಯ ಪಟ್ಟಿ ಅಂಟಿಸಿದ್ದರು, ದವಾಖಾನೆಯಲ್ಲಿ ಸಲೈನಿನ ಸೂಜಿಗೆ ಹಚ್ಚುವಂಥದ್ದು.

"ಇದರಾಗ ಇವರ ಡಿಕ್ಟೇಶನ್ ಅದಾವ ತಮ್ಮಾ."

ಇವರು ಎಂದರೆ ಅವರ ಯಜಮಾನರು. ಕೋರ್ಟಿನಲ್ಲಿ ಸ್ಟೆನೋ ಆಗಿ ನಿವೃತ್ತರಾದವರು. ಶಾರ್ಟ್‌ಹ್ಯಾಂಡ್ ಕಲಿಯುವವರಿಗೆ ಗಡಿಯಾರ ನೋಡಿಕೊಂಡು ಒಂದೇ ವೇಗದಲ್ಲಿ ಓದಿ ಹೇಳುವ ಒಬ್ಬರು ಬೇಕು. ನಿಮಿಷಕ್ಕೆ ಅರವತ್ತು ಶಬ್ದ, ಎಂಬತ್ತು, ನೂರು. ಇಪ್ಪತ್ತು ವರ್ಷ ಆ ಆವಾಜು ಅವರದು. ಆಮೇಲೆ ಗಂಟಲಿನ ರೋಗ ಬಂತು. ಆಪರೇಶನ್ ಮಾಡಿದರೆ ಜೀವ ಉಳಿಯಬಹುದು, ಆವಾಜು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಆಪರೇಶನ್ನಿಗೆ ಮುಂಚಿನ ಇಪ್ಪತ್ತು ದಿನ ಅವರು ಮಾಳಿಗೆಯ ಮೇಲೆ ಕುಳಿತು, ನಡುನಡುವೆ ಬಿಸಿನೀರು ಕುಡಿಯುತ್ತ, ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಓದಿ ಓದಿ, ಆ ಟ್ಯಾಬ್ಲೆಟ್ಟಿನ ಆಪಿನೊಳಗೇ ಇದ್ದ ಆವಾಜು ಹಿಡಿಯುವ ಸೌಲಭ್ಯದಲ್ಲಿ ತುಂಬಿಟ್ಟರು. ನಾಲ್ಕು ತಿಂಗಳಿಗೆ ತೀರಿಕೊಂಡರು. ಕಂಪನಿ ಮುಚ್ಚುವ ತನಕ ಕ್ಲಾಸು ನಡೆದದ್ದು ಅದರ ಮೇಲೆ.

"ಕ್ಲಾಸ ನಡೀಬೇಕಂದ್ರ ಅದ ಬೇಕ," ಎಂದರು ಬಾಯಿಯವರು. ಮೂಲೆಯ ಬಿಳಿಯ ಪಟ್ಟಿಯನ್ನು ಬೆರಳಿನಿಂದ ಒತ್ತಿ, "ನನಗ ಬೇಕಾದದ್ದ ಬ್ಯಾರೆ ಮಾತ," ಎಂದರು.

"ಕಾಳಜಿ ಮಾಡಬ್ಯಾಡ್ರಿ ಬಾಯಿ. ಒಂದ ಶಬ್ದ ಸೈತ ಹೋಗೂದಿಲ್ಲ."

ಮರುದಿನ ಬೆಳಿಗ್ಗೆ ಅಂಗಡಿ ತೆರೆದು ಮೊದಲು ಕೈಗೆ ತೆಗೆದುಕೊಂಡದ್ದು ಪಟ್ಟಿ ಹಚ್ಚಿದ್ದನ್ನೇ. ಉಳಿದ ಹನ್ನೊಂದರಲ್ಲಿ ಒಂದನ್ನು ಮಾಡಿ ನೋಡಬಹುದಿತ್ತು. ಆದರೆ ಅವರಿಗೆ ಹೆಚ್ಚು ಬೇಕಾದದ್ದನ್ನೇ ಮೊದಲು ಕೊಟ್ಟು ಭೇಷ್ ಅನ್ನಿಸಿಕೊಳ್ಳುವ ಅವಸರ ನನಗೆ. ಲ್ಯಾಪ್‌ಟಾಪಿನಿಂದ ವಾಯರ್ ಹಚ್ಚಿ, ವಿಡಿಯೋದಲ್ಲಿ ಕಂಡ ಹಾಗೆ ಗುಂಡಿಗಳನ್ನು ಹಿಡಿದೆ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಆರೇಳು ಸಾಲು ಮೂಡಿದವು. ಆವಾಜು ಏರಿಸುವ ಗುಂಡಿ ಒತ್ತಿದರೆ ಹೌದು, ಇಳಿಸುವ ಗುಂಡಿ ಒತ್ತಿದರೆ ಬೇಡ. ಅಷ್ಟು ನನಗೆ ಗೊತ್ತಿತ್ತು. ಆ ಸಾಲುಗಳ ಮೇಲೆ ಕಣ್ಣಾಡಿಸಿದೆ. ಅಕ್ಷರಗಳು ಅಕ್ಷರಗಳಾಗಿಯೇ ನಿಂತವು. ಪಕ್ಕದ ಔಷಧದ ಅಂಗಡಿಯವನು ಕಾಲೇಜು ಮುಗಿಸಿದವನು, ಐದು ಹೆಜ್ಜೆ ದೂರ. ಒಯ್ದು ತೋರಿಸಿದರೆ ಅರ್ಧ ನಿಮಿಷದಲ್ಲಿ ಓದಿ ಹೇಳುತ್ತಿದ್ದ. ಆದರೆ ಇವನಿಗೆ ಇಷ್ಟೂ ಓದಲು ಬರುವುದಿಲ್ಲ ಎಂದು ಅವನಿಗೆ ಗೊತ್ತಾಗುತ್ತಿತ್ತು. ವಿಡಿಯೋದವನು ಏರಿಸುವ ಗುಂಡಿ ಒತ್ತಿದ್ದ. ನಾನೂ ಒತ್ತಿದೆ.

ಅರ್ಧ ಗಂಟೆಯಲ್ಲಿ ಹೊಸ ಸಿಸ್ಟಮ್ ಕೂತಿತು. ಟ್ಯಾಬ್ಲೆಟ್ ತೊಳೆದಿಟ್ಟ ತಟ್ಟೆಯ ಹಾಗೆ ಬೆಳಗಿತು. ಒಳಗೆ ಹುಡುಕಿದೆ, ಒಂದು ಡಿಕ್ಟೇಶನ್ ಇಲ್ಲ. ಅಳಿಸಿದ್ದನ್ನು ಮರಳಿ ತೆಗೆಯುವ ಸಾಫ್ಟ್‌ವೇರ್ ಮೂರು ತಂದು ಹಾಕಿದೆ. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ, ಏನೂ ಸಿಗುವುದಿಲ್ಲ ಎನ್ನುವುದು ಖಚಿತವಾಯಿತು. ಐದಕ್ಕೆ ಬಾಯಿಯವರು ಬಂದರು. ಆ ಒಂದು ಗಂಟೆಯಲ್ಲಿ ನಾನು ಮಾತು ಜೋಡಿಸಿಟ್ಟುಕೊಂಡಿದ್ದೆ.

"ಕಂಪನಿಯವರು ಬಂದ ಮಾಡೂ ಮುಂದ ಎಲ್ಲಾ ಅಳಿಸಿ ಹೋಗ್ಯಾರ್ರಿ ಬಾಯಿ. ನಾ ತಗಿಯೂದ್ರಾಗ ಒಳಗ ಏನೂ ಇರಲಿಲ್ಲ."

ಅವರು ಟ್ಯಾಬ್ಲೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಕೆಳಗಿಟ್ಟರು. ಗಾಜಿನ ಮೇಜಿನ ಮೇಲೆ ಬೆರಳುಗಳು ಓಡಿ ನಿಂತವು.

"ಬೀಗ ತಗಿಯೂ ಮುಂದ ಪಡದೆದ ಮ್ಯಾಲ ಏನರೆ ಬರದ ಬಂದಿತ್ತೇನ?"

"ಇಲ್ಲರಿ."

"ಏನೂ ಬರಲಿಲ್ಲ."

"ಇಲ್ಲರಿ ಬಾಯಿ."

"ಹಂಗಾರ ಇನ್ನೊಂದ ನನ್ನ ಮುಂದ ಮಾಡ. ನೋಡೂಣು."

ಎರಡನೆಯದಕ್ಕೆ ವಾಯರ್ ಹಚ್ಚಿದೆ. ಅದೇ ಕಪ್ಪು ಪರದೆ, ಅದೇ ಸಾಲುಗಳು. ಬಾಯಿಯವರು ಪರ್ಸಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೆ, ಅವಸರವಿಲ್ಲದೆ ಓದಿದರು. ಮೂರನೆಯ ಸಾಲಿಗೆ ಬಂದಾಗ ಅವರ ತುಟಿ ನಿಂತಿತು. ಆಮೇಲೆ ಮುಂದುವರಿಯಿತು.

"ಇದನ್ನ ನೀ ಓದಿದೇನ?" ಎಂದು ಕೇಳಿದರು.

"ಓದೇನ್ರಿ. ದಿನಾ ನೋಡೂದ ಅಲ್ಲೇನ್ರಿ."

ಏನೂ ಬರೆದು ಬಂದಿರಲಿಲ್ಲ ಎಂದು ಐದು ನಿಮಿಷದ ಹಿಂದೆ ಹೇಳಿದ್ದು ನನ್ನ ನೆನಪಿಗೆ ಬಂದದ್ದು ಈ ಮಾತು ಆಡಿದ ಮೇಲೆ. ಬೆರಳು ಗುಂಡಿಯ ಮೇಲೇ ಇತ್ತು, ಒತ್ತುವ ಧೈರ್ಯವಾಗಲಿಲ್ಲ. ಬಾಯಿಯವರು ಕನ್ನಡಕ ತೆಗೆದು ಮಡಿಚಿದರು.

"ಒತ್ತ," ಎಂದರು. "ಇದರಾಗ ಏನೂ ಇಲ್ಲ."

ಬಯ್ಯಲಿಲ್ಲ. ಚಹಾ ತರಿಸಿದೆ, ಕುಡಿಯಲಿಲ್ಲ. ಪಟ್ಟಿ ಹಚ್ಚಿದ್ದನ್ನು ಗವಸಿನಲ್ಲಿ ಸುತ್ತಿಕೊಂಡು ರಿಕ್ಷಾ ಹತ್ತುವ ಮುಂದೆ ತಿರುಗಿ ನಿಂತು, "ಎಲ್ಲಾ ಆದ ಮ್ಯಾಲ ದಿನಾ ಹನ್ನೊಂದಕ್ಕ ಮಾಳಿಗಿಗೆ ಬಾ. ಇವನ್ನ ಚಾಲೂ ಇಡಾಕ ಒಬ್ಬ ಮನಷ್ಯಾ ಬೇಕ," ಎಂದರು.

ನನ್ನಿಂದ ಕೆಲಸ ತೆಗೆದುಕೊಳ್ಳಲು ಕರೆದರು ಎಂದೇ ನಾನು ತಿಳಿದೆ. ಸಲಕರಣೆಯ ಚೀಲ ಹಿಡಿದು ಹೋದರೆ, ಅವರು ನನ್ನನ್ನು ಕಿಟಕಿಯ ಪಕ್ಕದ ಹಳೆಯ ಇಂಗ್ಲಿಷ್ ಮಶೀನಿನ ಮುಂದೆ ಕೂರಿಸಿದರು. "ಹುಡುಗ್ಯಾರ ಬರೂದು ಹನ್ನೆರಡಕ್ಕ. ಅಲ್ಲೀ ತನಕಾ ಖಾಲಿ ಕುಂತ ಏನ ಮಾಡತಿ? ಇದನ್ನ ನೋಡಿ ಹೊಡಿ," ಎಂದು ಒಂದು ಹಾಳೆ ಮುಂದಿಟ್ಟರು. ನನ್ನ ಕಣ್ಣು ಬೆರಳಿಗೆ ಹೋಯಿತು. ಕರವಸ್ತ್ರ ಬಂತು. ಮೂವತ್ತೆರಡು ವರ್ಷದ ಗಂಡಸು, ಅಂಗಡಿಯ ಮಾಲಕ, ಹೂವಿನ ಅಂಚಿನ ಕರವಸ್ತ್ರದ ಕೆಳಗೆ ಕೈ ಇಟ್ಟುಕೊಂಡು ಒಂದೊಂದೇ ಶಬ್ದ ಕೂಡಿಸಿದೆ. ಹೊಡೆದದ್ದನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ಅರ್ಥ ಕೇಳುತ್ತಿದ್ದರು. ಕೆಳಗಿನ ಅಂಗಡಿಯಲ್ಲಿ ಸಿತಾರಕ್ಕೆ ಶ್ರುತಿ ಕೂಡಿಸುವವರು ಒಂದೇ ತಂತಿಯನ್ನು ಇಪ್ಪತ್ತು ಸಲ ಮೀಟುತ್ತಿದ್ದರು. "ಅವರಿಗೆ ಬ್ಯಾಸರಿಲ್ಲ, ನಿನಗ್ಯಾಕ ಬ್ಯಾಸರ," ಎನ್ನುತ್ತಿದ್ದರು.

ಕ್ಲಾಸಿನಲ್ಲಿ ಒಂದು ಹಾಜರಿ ಪುಸ್ತಕವಿತ್ತು. ಹೊಸಬರು ಬಂದರೆ ಹೆಸರು, ತಾರೀಖು ಬರೆದು, ಅದರ ಮುಂದೆ ಒಂದೇ ಸಾಲು ಶಾರ್ಟ್‌ಹ್ಯಾಂಡಿನಲ್ಲಿ ಗೀಚುತ್ತಿದ್ದರು. ಏನು ಬರೆದಿರಿ ಎಂದು ಕೇಳಿದರೆ ಹೇಳುತ್ತಿರಲಿಲ್ಲ. ಓದಲು ಬರುವಷ್ಟು ಕಲಿತವರು ಅಷ್ಟು ಹೊತ್ತಿಗೆ ಕ್ಲಾಸು ಬಿಟ್ಟಿರುತ್ತಿದ್ದರು. ನನ್ನ ಹೆಸರು ಅದರಲ್ಲಿ ಇರಬಹುದು ಎಂದು ನನಗೆ ಅನ್ನಿಸಿಯೇ ಇರಲಿಲ್ಲ. ನಾನು ರಿಪೇರಿಯವನು.

ಡಿಕ್ಟೇಶನ್ ಇಲ್ಲದೆ ಕ್ಲಾಸು ಕುಂಟುತ್ತಿತ್ತು. ಬಾಯಿಯವರೇ ಓದುತ್ತಿದ್ದರು, ಆದರೆ ಓದುವಾಗ ಹುಡುಗಿಯರ ಕೈ ನೋಡಲು ಆಗುತ್ತಿರಲಿಲ್ಲ. ಇಬ್ಬರು ಬಿಟ್ಟು ಹೋದರು. ಒಂದು ದಿನ ಮರಾಠಿ ಪುಸ್ತಕ ನನ್ನ ಕೈಗಿಟ್ಟು, "ನಿನ್ನ ಆವಾಜ ಗಟ್ಟಿ ಅದ. ಓದ," ಎಂದರು. ಗಡಿಯಾರ ಬಿಚ್ಚಿ ಮುಂದಿಟ್ಟರು. ನಾನು ನಿಮಿಷಕ್ಕೆ ನಲವತ್ತು ಶಬ್ದವೂ ಮುಟ್ಟಲಿಲ್ಲ, ಅದರಲ್ಲೂ ತಡವರಿಸಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಪೆನ್ಸಿಲು ಕೆಳಗಿಟ್ಟು, "ದಾದಾ, ತುಮಚೀ ಶೇರ್ ರಿಕ್ಷಾ ಆಹೆ. ಪ್ರತ್ಯೇಕ ಸ್ಟಾಪಲಾ ಥಾಂಬತೇ," ಎಂದಳು. ನಿಮ್ಮದು ಶೇರ್ ರಿಕ್ಷಾ, ಸ್ಟಾಪು ಸ್ಟಾಪಿಗೂ ನಿಲ್ಲುತ್ತದೆ ಎಂದು. ಎಲ್ಲರೂ ನಕ್ಕರು. ಎದ್ದು ಹೋಗಬೇಕೆನಿಸಿತು. ಎದುರಿಗೆ ಕಪಾಟಿನ ಮೇಲೆ ಪಟ್ಟಿ ಹಚ್ಚಿದ ಟ್ಯಾಬ್ಲೆಟ್ ಕಂಡಿತು. ಏಳಲಿಲ್ಲ, ಮತ್ತೆ ಮೊದಲಿನಿಂದ ಓದಿದೆ.

ಆ ಟ್ಯಾಬ್ಲೆಟ್ಟನ್ನು ಅವರು ಯಾರಿಗೂ ಕೊಡಲಿಲ್ಲ. ಒಳಗೆ ಏನೂ ಇಲ್ಲದಿದ್ದರೂ ದಿನಾ ಸಂಜೆ ಕ್ಲಾಸು ಮುಚ್ಚುವ ಮುಂದೆ ಅದನ್ನು ಚಾರ್ಜಿಗೆ ಹಚ್ಚುತ್ತಿದ್ದರು. ಅದನ್ನು ನೋಡುತ್ತ ವಾಯರ್ ಸುತ್ತುವುದು ನನ್ನ ಕೆಲಸವಾಗಿತ್ತು.

ವರ್ಷದೊಳಗೆ ನಾನು ನಿಮಿಷಕ್ಕೆ ಅರವತ್ತು ಶಬ್ದ ಮುಟ್ಟಿದೆ, ಆಮೇಲೆ ಎಂಬತ್ತು. ಓದಿದ್ದನ್ನು ಹನ್ನೊಂದು ಟ್ಯಾಬ್ಲೆಟ್‌ಗಳಲ್ಲೂ ತುಂಬಿದೆವು. ಮುಂದೆ ಇಂಗ್ಲಿಷಿನಲ್ಲೂ ಓದಿಸಿದರು. ಈ ನಡುವೆ ಅಂಗಡಿಗೆ ಯಾರದೋ ಬೀಗ ಬಿದ್ದ ಟ್ಯಾಬ್ಲೆಟ್ ಬಂತು. ವಾಯರ್ ಹಚ್ಚಿದೆ, ಕಪ್ಪು ಪರದೆ ಬಂತು, ಮೂರನೆಯ ಸಾಲು ಕಣ್ಣಿಗೆ ಬಿತ್ತು, ಓದಲು ಬಂತು. ಈ ಸಾಧನದಲ್ಲಿರುವ ನಿಮ್ಮದೆಲ್ಲವೂ ಅಳಿಸಿಹೋಗುತ್ತದೆ ಎಂದು ಬರೆದಿತ್ತು. ಅದರ ಕೆಳಗೆ, ಮುಂದುವರಿಯಬೇಕೇ ಎಂದು ಸಭ್ಯವಾಗಿ ಕೇಳಿತ್ತು. ವಾಯರ್ ಕಿತ್ತು, ಶಟರ್ ಅರ್ಧ ಎಳೆದು ಒಳಗೆ ಕುಳಿತೆ.

ಇವತ್ತು ಸಾಂಗಲಿ, ಮಿರಜದ ಅಂಗಡಿಯವರು ಇಂಥ ಟ್ಯಾಬ್ಲೆಟ್‌ಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಬಿಲ್ಲು ನೋಡದೆ ಮುಟ್ಟುವುದಿಲ್ಲ. ವಿಡಿಯೋ ಬಿಟ್ಟು, ಸಿಸ್ಟಮ್ ಮಾಡಿದವರು ಬರೆದಿಟ್ಟದ್ದನ್ನೇ ಓದಿ ಕೆಲಸ ಮಾಡುತ್ತೇನೆ. ಬಾಯಿಯವರದು ಯಾವ ಮಾದರಿಯೋ ಆ ಮಾದರಿಯಲ್ಲಿ, ಬೀಗ ತೆಗೆಯುವ ಮೊದಲೇ ಒಳಗಿನದನ್ನು ಬೇರೆ ದಾರಿಯಿಂದ ಹೊರಗೆ ತೆಗೆದಿಡಬಹುದು. ಆಗಲೂ ತೆಗೆಯಬಹುದಿತ್ತು. ಅದು ಹೇಗೆಂದು ಇಂಗ್ಲಿಷಿನಲ್ಲಿ ಒಂದೂವರೆ ಪುಟ ಆಗಲೇ ಯಾರೋ ಬರೆದಿಟ್ಟಿದ್ದರು. ತಾರೀಖು ನೋಡಿದೆ.

ಹೇಳಿಬಿಡಬೇಕು ಎಂದು ಎಷ್ಟೋ ಸಲ ಮೆಟ್ಟಿಲು ಹತ್ತಿದ್ದೇನೆ. ಒಮ್ಮೆ ಬಾಯಿಯವರು ಒಬ್ಬರೇ ಕುಳಿತು ಹಳೆಯ ಮಶೀನಿಗೆ ರಿಬ್ಬನ್ ಹಾಕುತ್ತಿದ್ದರು. "ಬಾಯಿ, ಒಂದ ಮಾತ ಹೇಳೂದಿತ್ತರಿ," ಎಂದೆ.

"ಹೇಳ."

ಮೇಲೆ ನೋಡಿದೆ. "ಪಂಖಾ ಭಾಳ ಆವಾಜ ಮಾಡಾಕತ್ತೈತ್ರಿ. ಎಣ್ಣಿ ಹಾಕಲೇನ?"

ಅವರು ರಿಬ್ಬನ್ ಕೆಳಗಿಟ್ಟು ನನ್ನನ್ನು ನೋಡಿದರು. "ಹಾಕ," ಎಂದರು. ಸ್ಟೂಲು ಹತ್ತಿ ಎಣ್ಣೆ ಹಾಕಿ ಇಳಿದು ಬಂದೆ.

ಕಳೆದ ಚಳಿಗಾಲದಲ್ಲಿ ಅವರು ಎದೆನೋವಿನಿಂದ ದವಾಖಾನೆ ಸೇರಿದರು. ಐದು ದಿನ ಹೋಗಿ ಬಂದೆ. ಐದನೆಯ ದಿನ ಅವರ ಅಣ್ಣನ ಮಗ ಔಷಧ ತರಲು ಹೊರಗೆ ಹೋದಾಗ ನಾವಿಬ್ಬರೇ ಇದ್ದೆವು.

"ಎಲ್ಲಾ ಚಾಲೂ ಅದಾವೇನ?" ಎಂದು ಕೇಳಿದರು.

"ಅದಾವ್ರಿ."

"ಪಟ್ಟೀದು?"

"ಚಾರ್ಜಿಗೆ ಹಚ್ಚೇ ಬಂದೇನ್ರಿ."

ಕಣ್ಣು ಮುಚ್ಚಿದರು. ಚಾದರದ ಮೇಲೆ ಬೆರಳುಗಳು ಮೆಲ್ಲಗೆ ಆಡಿದವು. ನಾನು ಮಾತು ಕೂಡಿಸಿಕೊಂಡೆ, ಬಾಯಿ ತೆರೆದೆ. ಅಷ್ಟರಲ್ಲಿ ನರ್ಸು ಬಿ.ಪಿ. ನೋಡಲು ಬಂದಳು. ನಾಳೆ ಹೇಳಿದರಾಯಿತು ಎಂದುಕೊಂಡು, ಖರೆ ಹೇಳಬೇಕೆಂದರೆ ಒಳಗೊಳಗೆ ಹಗುರಾಗಿ, ಎದ್ದು ಬಂದೆ. ಬೆಳಗಿನ ಜಾವ ಅವರು ತೀರಿಕೊಂಡರು.

ಸೂತಕದ ದಿನಗಳು ಮುಗಿದ ಮೇಲೆ ಅಣ್ಣನ ಮಗ ಮಾಳಿಗೆ ಖಾಲಿ ಮಾಡಿದರು. ಟ್ಯಾಬ್ಲೆಟ್‌ಗಳು ನನಗೆ ಹೋಗಬೇಕೆಂದು ಬಾಯಿಯವರು ಮೊದಲೇ ಹೇಳಿಟ್ಟಿದ್ದರಂತೆ, ಜೊತೆಗೆ ಹಾಜರಿ ಪುಸ್ತಕ. ಅಂಗಡಿಯಲ್ಲಿ ಅದನ್ನು ತಿರುವಿದೆ. ಒಂದು ಪುಟದಲ್ಲಿ ನನ್ನ ಹೆಸರು. ಎರಡನೆಯ ಟ್ಯಾಬ್ಲೆಟ್ಟನ್ನು ಅವರ ಮುಂದೆ ಮಾಡಿದ ದಿನದ ತಾರೀಖು. ಮುಂದೆ ಒಂದು ಸಾಲು ಗೀಟು, ಕೊಕ್ಕೆ, ಚುಕ್ಕಿ.

ಶೇರ್ ರಿಕ್ಷಾ ಎಂದು ನಗೆ ಮಾಡಿದ್ದ ಹುಡುಗಿ ಈಗ ಸಾಂಗಲಿಯ ಕೋರ್ಟಿನಲ್ಲಿ ಸ್ಟೆನೋ. ಪುಸ್ತಕ ಒಯ್ದು, ಕೋರ್ಟಿನ ಹೊರಗೆ ಚಹಾದ ಗಾಡಿಯ ಹತ್ತಿರ ಅವಳ ಕೈಗೆ ಕೊಟ್ಟೆ. ಮೊದಲು ತನ್ನ ಸಾಲು ಹುಡುಕಿ ಓದಿ ನಕ್ಕಳು: "ಬೋಲತೇ ಫಾರ. ಹಾತ ಚಾಂಗಲಾ." ಮಾತು ಬಹಳ, ಕೈ ಒಳ್ಳೆಯದು ಎಂದು. ಆಮೇಲೆ ನನ್ನ ಸಾಲಿಗೆ ಬಂದಳು. ನಗು ಹೋಯಿತು. ಎರಡು ಸಲ ನೋಡಿ, ಮೆಲ್ಲಗೆ ಓದಿದಳು.

"ಹ್ಯಾಂಚಾ ಆವಾಜ ಪುಸಲಾ. ವಾಚತಾ ಯೇತ ನಾಹೀ. ಶಿಕವಾಯಚೆ."

ಇವರ ಆವಾಜು ಅಳಿಸಿದ. ಓದಲು ಬರುವುದಿಲ್ಲ. ಕಲಿಸಬೇಕು.

"ಕಾಯ ಪುಸಲಂ ದಾದಾ?" ಎಂದು ಕೇಳಿದಳು. ಏನು ಅಳಿಸಿದಿರಿ ಎಂದು. ಅವಳಿಗೆ ಎಲ್ಲ ಹೇಳಿದೆ, ಮೊದಲ ಸುಳ್ಳಿನಿಂದ ದವಾಖಾನೆಯ ತನಕ. ಹೇಳಬೇಕಾದವರಿಗೆ ಹೇಳದೆ, ಚಹಾದ ಗಾಡಿಯ ಪಕ್ಕದಲ್ಲಿ ನಿಂತು ಹೇಳಿದೆ. ಅವಳು ಪುಸ್ತಕ ಮುಚ್ಚಿ ಎರಡೂ ಕೈಯಿಂದ ನನಗೆ ಮರಳಿ ಕೊಟ್ಟಳು.

ಆ ಗುಂಡಿ ಒತ್ತಿದ್ದಕ್ಕೆ ನನಗೆ ನಾಚಿಕೆಯಿದೆ. ಓದೇನ್ರಿ ಎಂದದ್ದಕ್ಕೆ ಇನ್ನೂ ಹೆಚ್ಚು. ಆ ಮಾತು ಕೇಳಿಯೂ ನನ್ನನ್ನು ಸುಳ್ಳ ಎಂದು ಬರೆಯದೆ, ಓದಲು ಬಾರದವನು ಎಂದು ಬರೆದುಕೊಂಡರು. ಇದನ್ನು ಬರೆಯುವಾಗಲೂ ನಾನು ಬೆರಳು ನೋಡಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ತಪ್ಪು ತಿದ್ದಿಸಿದ ಬೋರ್ಡಿನ ಒಂದು ಅಂಗಡಿ. ಬೆಸುಗೆಯ ಮೇಜು ಎರಡು. ಭಾನುವಾರ ಹಿಂದಿನ ಕೋಣೆಗೆ ಬಂದು ಡಿಕ್ಟೇಶನ್ ಬರೆದುಕೊಳ್ಳುವವರು ಮೂವರು. ಹಾಜರಿ ಪುಸ್ತಕ ಒಂದು. ಟ್ಯಾಬ್ಲೆಟ್ ಹನ್ನೆರಡು, ಹನ್ನೆರಡೂ ಚಾಲೂ. ಪಟ್ಟಿ ಹಚ್ಚಿದ್ದೊಂದು ಬಿಟ್ಟು ಉಳಿದವುಗಳಲ್ಲಿ ನನ್ನ ಆವಾಜಿನ ಡಿಕ್ಟೇಶನ್, ಮರಾಠಿ ನಲವತ್ತು, ಇಂಗ್ಲಿಷ್ ಇಪ್ಪತ್ತೆರಡು. ಬಾಯಿಯವರ ಯಜಮಾನರದು ಒಂದೂ ಇಲ್ಲ.